ಊಟ-ವಸತಿಗೆ ದುಡಿಮೆ: ವೀಸಾದ ಮಾತನ್ನೂ ಹೇಳಬೇಕು

ಸಂಪಾದಕರಿಗೆ,

ಮಾನ್ಯರೇ,

ದಿನಕ್ಕೆ ನಾಲ್ಕೈದು ಗಂಟೆ ತೋಟದಲ್ಲೋ ಅತಿಥಿಗೃಹದಲ್ಲೋ ಕೆಲಸ ಮಾಡಿಕೊಟ್ಟು, ಅದಕ್ಕೆ ಪ್ರತಿಯಾಗಿ ಊಟ ಮತ್ತು ವಸತಿ ಪಡೆದು ಕಡಿಮೆ ಖರ್ಚಿನಲ್ಲಿ ವಿದೇಶ ಸುತ್ತುವ ಪದ್ಧತಿಯ ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಬಂದ ಲೇಖನ ನಮ್ಮ ತೀರ್ಥಹಳ್ಳಿ ಸೀಮೆಯ ಯುವಕರ ನಡುವೆ ಸಾಕಷ್ಟು ಚರ್ಚೆಯಾಗುತ್ತಿದೆ. ಲೇಖನ ಸೊಗಸಾಗಿತ್ತು. ಆದರೆ ವೀಸಾದ ವಿಷಯ ಅದರಲ್ಲಿ ಒಂದೇ ವಾಕ್ಯದಲ್ಲಿ ಮುಗಿದದ್ದರಿಂದ, ಪ್ರವಾಸಿ ವೀಸಾ ಕೈಯಲ್ಲಿದ್ದರೆ ಸಾಕು, ಯಾವ ದೇಶದ ಯಾವ ತೋಟಕ್ಕೆ ಬೇಕಾದರೂ ಹೋಗಿ ದುಡಿದು ಉಂಡು ಬರಬಹುದು ಎಂಬ ಭಾವನೆ ಹಲವರಲ್ಲಿ ಮೂಡಿದೆ. ಅದು ನಿಜವಲ್ಲವೆಂದು ತಿಳಿಸುವ ಸಲುವಾಗಿ ಈ ಪತ್ರ.

ಪದ್ಧತಿಯ ಬಗ್ಗೆ ನನಗೆ ಆಕ್ಷೇಪವಿಲ್ಲ, ಗೌರವವೇ ಇದೆ. ಲಂಡನ್ನಿನ ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಸ್ಯೂ ಕೊಪ್ಪಾರ್ಡ್ ಎಂಬ ಮಹಿಳೆ, ಪೇಟೆಯವರಿಗೂ ವಾರದ ಕೊನೆಯಲ್ಲಿ ಸಾವಯವ ಬೇಸಾಯದ ಮಣ್ಣು ಮುಟ್ಟುವ ಅವಕಾಶವಿರಲಿ ಎಂದು 1971ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಆರಂಭಿಸಿದ ಪ್ರಯೋಗವೇ ಇಂದು ವೂಫ್ ಎಂಬ ಹೆಸರಿನಲ್ಲಿ ಜಗತ್ತಿನ ನಾನಾ ದೇಶಗಳಿಗೆ ಹಬ್ಬಿದೆ. ಭಾರತದಲ್ಲಿಯೂ ಅದರ ಶಾಖೆಯಿದೆ. ಈ ಶತಮಾನದ ಆರಂಭದಲ್ಲಿ ಬಂದ ಹೆಲ್ಪ್‌ಎಕ್ಸ್, ವರ್ಕ್‌ಅವೇ ಮುಂತಾದ ಜಾಲತಾಣಗಳು ತೋಟದ ಕೆಲಸದ ಜೊತೆಗೆ ಹಾಸ್ಟೆಲ್, ಮನೆಗೆಲಸ, ಮಕ್ಕಳ ನಿಗಾ ಎಲ್ಲವನ್ನೂ ಸೇರಿಸಿಕೊಂಡವು. ಗದ್ದೆ ನಾಟಿಗೂ ಅಡಿಕೆ ಕೊನೆಯ ಕೊಯ್ಲಿಗೂ ಮುಯ್ಯಾಳು ಕೊಟ್ಟು ಪಡೆದು ಬದುಕಿದ ಮಲೆನಾಡಿಗರಿಗೆ ಇದರ ಮರ್ಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಯ್ಯಾಳಿನಲ್ಲಿ ಇಬ್ಬರು ಒಪ್ಪಿದರೆ ಮುಗಿಯಿತು. ಇಲ್ಲಿ ಆ ಇಬ್ಬರ ನಡುವೆ ಒಂದು ಸರ್ಕಾರ ಕುಳಿತಿರುತ್ತದೆ.

ಆ ಸರ್ಕಾರಗಳ ಪೈಕಿ ಹೆಚ್ಚಿನವು ಊಟ ಮತ್ತು ಹಾಸಿಗೆಯನ್ನು ಕೂಲಿಯೆಂದೇ ಎಣಿಸುತ್ತವೆ. ನ್ಯೂಜಿಲೆಂಡಿನ ವಲಸೆ ಕಾನೂನಿನ ಪ್ರಕಾರ ಹಣದ ಲೆಕ್ಕಕ್ಕೆ ಸಿಗುವ ಯಾವ ಅನುಕೂಲವೂ ಪ್ರತಿಫಲವೇ ಆಗಿರುವುದರಿಂದ, ಸಂಬಳವಿಲ್ಲದೆ ಕೇವಲ ವಸತಿಗಾಗಿ ದುಡಿಯುವವನಿಗೂ ಕೆಲಸಕ್ಕೆ ಅನುಮತಿಯಿರುವ ವೀಸಾ ಬೇಕು. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ಅಲ್ಲಿನವರಿಗೆ ಸಂಬಳವಿಲ್ಲದೆ ಕೆಲಸ ಮಾಡಿಕೊಡುವುದೂ ನಿಷಿದ್ಧ. ನೋಂದಾಯಿತ ಧರ್ಮಾರ್ಥ ಸಂಸ್ಥೆಯಲ್ಲಿ 30 ದಿನ ಮೀರದ ಸ್ವಯಂಸೇವೆಗೆ ಮಾತ್ರ ಅವಕಾಶವಿದ್ದು, ಖಾಸಗಿ ತೋಟವಾಗಲಿ ಹಾಸ್ಟೆಲ್ ಆಗಲಿ ಆ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಪ್ರವಾಸಿ ವೀಸಾದಲ್ಲಿಯೂ ಊಟ-ವಸತಿಗಾಗಿ ದುಡಿಯುವಂತಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ 180 ದಿನಗಳಲ್ಲಿ 90 ದಿನ ತಂಗಲು ಬಿಡುತ್ತದೆಯೇ ಹೊರತು ದುಡಿಯುವ ಹಕ್ಕನ್ನು ತಾನಾಗಿ ಕೊಡುವುದಿಲ್ಲ. ವಿಮಾನ ನಿಲ್ದಾಣದ ವಲಸೆ ಅಧಿಕಾರಿ ಅನುಮಾನ ಬಂದರೆ ಮೊಬೈಲಿನ ಸಂದೇಶಗಳನ್ನು ಓದುವುದೂ ಉಂಟು. ‘ಬೆಳಗ್ಗೆ ಏಳಕ್ಕೆ ಕೋಳಿಗೂಡಿನ ಕೆಲಸ’ ಎಂದು ಆತಿಥೇಯರು ಕಳುಹಿಸಿದ ಒಂದು ಸಾಲು ಸಾಕು, ಮುಂದಿನ ವಿಮಾನದಲ್ಲಿ ಮರಳಿ ಕಳುಹಿಸಲು. ಹಾಗೆ ಹಿಂದಿರುಗಿದವರು ಆಮೇಲೆ ತುಂಬುವ ವೀಸಾ ಅರ್ಜಿಗಳಲ್ಲೆಲ್ಲ ಆ ಸಂಗತಿಯನ್ನು ಬರೆಯಬೇಕಾಗುತ್ತದೆ.

ಸಿಕ್ಕಿಬೀಳುವ ಭಯಕ್ಕಿಂತಲೂ ನನಗೆ ಮುಖ್ಯವಾಗಿ ಕಾಣುವುದು ಬೇರೊಂದಿದೆ. ನನ್ನ ಅಕ್ಕನ ಮಗ ಆಸ್ಟ್ರೇಲಿಯಾದ ‘ವರ್ಕ್ ಆ್ಯಂಡ್ ಹಾಲಿಡೇ’ ವೀಸಾ ಪಡೆದು 2025ರಲ್ಲಿ ಟಾಸ್ಮೇನಿಯಾದ ಹ್ಯೂಅನ್ ಕಣಿವೆಗೆ ಹೋದ. ಸೇಬಿನ ಕೊಯ್ಲಿನ ತಿಂಗಳುಗಳಲ್ಲಿ ಕೂಲಿಗೆ ದುಡಿದು, ಕೊಯ್ಲು ಮುಗಿದ ಮೇಲೆ ಊಟ-ವಸತಿಯ ಮೇಲೆ ಒಂದು ಮನೆ ಸೇರಿದ. ಮೊದಲು ಸಿಕ್ಕಿದ ಮನೆಯ ಯಜಮಾನ ನಾಲ್ಕು ಗಂಟೆ ಎಂದು ಹೇಳಿ ಎಂಟು ಗಂಟೆ ದುಡಿಸತೊಡಗಿದಾಗ ಇವನು ನಯವಾಗಿಯೇ ಮಾತು ಮುಗಿಸಿ ಚೀಲ ಹೆಗಲಿಗೇರಿಸಿಕೊಂಡು ಹೊರಟ. ಕೂಲಿ ಕೆಲಸ ಹುಡುಕಿಕೊಳ್ಳುವ ಹಕ್ಕು ಅವನ ವೀಸಾದಲ್ಲಿಯೇ ಇತ್ತಾದ್ದರಿಂದ ಹಾಗೆ ಹೊರಡಲು ಧೈರ್ಯ ಬಂತು. ಎರಡನೆಯ ಮನೆಯ ವೃದ್ಧ ದಂಪತಿ ಇವನು ಬರುವ ಮೊದಲೇ ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕು ಗಂಟೆ, ಮಲಗಲು ಹಿತ್ತಲಿನ ಕ್ಯಾರವಾನ್, ಸಸ್ಯಾಹಾರಕ್ಕೆ ತೊಂದರೆಯಿಲ್ಲ, ಬಸ್ಸು ನಿಲ್ಲುವ ಜಾಗ ಎಷ್ಟು ದೂರ ಎಂಬುದನ್ನೆಲ್ಲ ಬರೆದು ತಿಳಿಸಿದ್ದರು. ಜೂನ್ ಅಲ್ಲಿ ಚಳಿಗಾಲ; ನೀಲಗಿರಿ ಕೊರಡುಗಳನ್ನು ಸೀಳಿ ಒಟ್ಟುವುದು ಕೆಲಸ. ಮಳೆ ಹಿಡಿಯುವ ಮುನ್ನ ಸೌದೆ ಒಟ್ಟಿ ಬೆಳೆದ ಹುಡುಗನಿಗೆ ಮೇಲಿನ ವರಸೆಯಲ್ಲಿ ತೊಗಟೆ ಮೇಲ್ಮುಖವಾಗಿರಬೇಕೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಇದೇ ಹುಡುಗ ಪ್ರವಾಸಿ ವೀಸಾದಲ್ಲಿ ಹೋಗಿದ್ದರೆ ಮೊದಲನೆಯ ಮನೆಯಲ್ಲಿಯೇ ಬಾಯಿಮುಚ್ಚಿಕೊಂಡು ಇರಬೇಕಾಗುತ್ತಿತ್ತು. ದೂರು ಕೊಡಲು ಹೋದವನೇ ಮೊದಲ ಅಪರಾಧಿಯಾಗುವ ಸ್ಥಿತಿ ಅದು. ಒಬ್ಬಂಟಿಯಾಗಿ ಹೊರಡುವ ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ವ್ಯತ್ಯಾಸ ಇನ್ನೂ ದೊಡ್ಡದು.

ಕಾನೂನಿನ ದಾರಿಗಳು ಕಡಿಮೆಯಾದರೂ ಇವೆ. ನಾನು ಹೇಳಿದ ಆಸ್ಟ್ರೇಲಿಯಾದ ವೀಸಾ ಭಾರತೀಯರಿಗೆ ತೆರೆದದ್ದು 2024ರಲ್ಲಿ: 18ರಿಂದ 30 ವರ್ಷದವರಿಗೆ, ವರ್ಷಕ್ಕೆ 1,000 ಮಂದಿಗೆ, ಲಾಟರಿ ಮೂಲಕ. ಅಲ್ಲಿ ಎರಡನೆಯ ವರ್ಷ ಉಳಿಯಲು ಗ್ರಾಮೀಣ ಪ್ರದೇಶದಲ್ಲಿ ದುಡಿದ ದಿನಗಳನ್ನು ತೋರಿಸಬೇಕು. ಆದರೆ ಊಟ-ವಸತಿಗಾಗಿ ಮಾಡಿದ ಕೆಲಸವನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ರಿಟನ್ 2023ರಿಂದ ನಮ್ಮ ಪದವೀಧರ ಯುವಜನರಿಗೆ ಎರಡು ವರ್ಷ ನೆಲೆಸಿ ದುಡಿಯುವ ಪ್ರತ್ಯೇಕ ಯೋಜನೆ ನಡೆಸುತ್ತಿದೆ, ಅದೂ ಲಾಟರಿಯೇ. ನನ್ನನ್ನು ಕೇಳಿದರೆ ಮೊದಲ ಸಲ ಹೊರಡುವವರಿಗೆ ನೇಪಾಳವೇ ಮೇಲು. 1950ರ ಒಪ್ಪಂದದ ಬಲದಿಂದ ಭಾರತೀಯರಿಗೆ ಅಲ್ಲಿ ವೀಸಾದ ಗೊಡವೆಯೇ ಇಲ್ಲ, ಮತದಾರರ ಗುರುತಿನ ಚೀಟಿ ಸಾಕು, ವಿಮಾನದ ಖರ್ಚೂ ಕಡ್ಡಾಯವಲ್ಲ. ವಿದೇಶವೆಂದರೆ ಹಿಮ ಬೀಳುವ ಯುರೋಪೇ ಆಗಬೇಕೆಂಬ ಹಟ ಬಿಟ್ಟರೆ ಹಿಮವೂ ನೇಪಾಳದಲ್ಲಿ ಧಾರಾಳವಾಗಿದೆ.

ಖರ್ಚಿನ ಮಾತು. ಊಟ-ವಸತಿ ಉಳಿಯುವುದು ಅಲ್ಲಿಗೆ ತಲುಪಿದ ಮೇಲೆ. ವಿಮಾನ, ವಿಮೆ, ವೀಸಾ ಶುಲ್ಕಗಳು ಮೊದಲೇ ಕೈಬಿಟ್ಟುಹೋಗುತ್ತವೆ. ಷೆಂಗೆನ್ ವೀಸಾ ಅರ್ಜಿಗೇ 90 ಯೂರೊ, ಅರ್ಜಿ ತಿರಸ್ಕೃತವಾದರೂ ಅದು ಮರಳುವುದಿಲ್ಲ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ. ಆಸ್ಟ್ರೇಲಿಯಾಕ್ಕೆ ಹೋಗುವವರು ಖರ್ಚಿಗೆಂದು ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಬ್ಯಾಂಕಿನಲ್ಲಿ ತೋರಿಸಬೇಕು. ಆದ್ದರಿಂದ ಹತ್ತು ದಿನದ ಪ್ರವಾಸಕ್ಕೆ ಈ ಪದ್ಧತಿಯಿಂದ ಲಾಭವೇನಿಲ್ಲ. ಒಂದೇ ಕಡೆ ಎರಡು ಮೂರು ತಿಂಗಳು ನಿಂತು, ಅಲ್ಲಿಯ ಬೇಸಾಯವನ್ನೋ ಭಾಷೆಯನ್ನೋ ಕಲಿಯುವ ಮನಸ್ಸಿದ್ದವರಿಗೆ ಮಾತ್ರ ಇದು ನಿಜವಾಗಿ ಅಗ್ಗ.

ಈ ಪತ್ರವನ್ನು ತಡಮಾಡದೆ ಬರೆಯಲು ಇನ್ನೊಂದು ಕಾರಣವಿದೆ. ಕೃಷಿ ಪದವಿ ಮುಗಿಸಿದ ನೆರೆಯೂರಿನ ಹುಡುಗನೊಬ್ಬನಿಗೆ ಶಿವಮೊಗ್ಗದ ಏಜೆನ್ಸಿಯೊಂದು ‘ಯುರೋಪಿನ ತೋಟದಲ್ಲಿ ಸ್ವಯಂಸೇವಕ ಹುದ್ದೆ’ ಕೊಡಿಸುತ್ತೇವೆಂದು ಹೇಳಿ ಮುಂಗಡ ಕೇಳಿದೆ. ಕೇಳಿದ ಮೊತ್ತ ಮೇಲೆ ಹೇಳಿದ ಜಾಲತಾಣಗಳ ವಾರ್ಷಿಕ ಸದಸ್ಯತ್ವದ ಹತ್ತಾರು ಪಟ್ಟು. ಕೊಡುವುದು ಮಾತ್ರ ಮಾಮೂಲಿ ಪ್ರವಾಸಿ ವೀಸಾ. ವಿದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಣಿ ಪಡೆದಿರಬೇಕು, ಸೇವಾ ಶುಲ್ಕವೆಂದು ತೆರಿಗೆ ಹೊರತು 30,000 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ, ನೋಂದಣಿ ಇದೆಯೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಇದು ಉದ್ಯೋಗವಲ್ಲ, ಸ್ವಯಂಸೇವೆ ಎಂದುಬಿಟ್ಟರೆ ಈ ಯಾವ ಕಟ್ಟಳೆಯೂ ತಮಗೆ ತಾಗುವುದಿಲ್ಲವೆಂಬುದು ಇಂಥವರ ಎಣಿಕೆ. ಹುಡುಗ ಸದ್ಯಕ್ಕೆ ಹಣ ಕಟ್ಟಿಲ್ಲ.

ಪ್ರಸಂಗವಶಾತ್ ನಮ್ಮ ಹೋಂಸ್ಟೇ ಮಾಲೀಕರಿಗೂ ಒಂದು ಮಾತು. ಆಗುಂಬೆ, ಸಾಗರದ ಕಡೆ ವಿದೇಶಿಯರನ್ನು ಹೀಗೆ ಉಳಿಸಿಕೊಳ್ಳಲು ಬಯಸುವವರು, ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕೆಂಬುದನ್ನೂ, ನಮ್ಮ ಪ್ರವಾಸಿ ವೀಸಾ ಒಂದು ತಿಂಗಳವರೆಗಿನ, ಯಾವ ಪ್ರತಿಫಲವೂ ಇಲ್ಲದ ಸ್ವಯಂಸೇವೆಯನ್ನಷ್ಟೇ ಒಪ್ಪುತ್ತದೆಂಬುದನ್ನೂ ತಿಳಿದಿರುವುದು ಒಳ್ಳೆಯದು.

ತಮ್ಮಲ್ಲಿ ನನ್ನ ವಿನಂತಿಯಿಷ್ಟೇ: ಮುಂದೆ ಈ ವಿಷಯ ಪ್ರಕಟಿಸುವಾಗ ಪ್ರತಿಯೊಂದು ದೇಶದ ಹೆಸರಿನ ಪಕ್ಕದಲ್ಲಿ, ಅಲ್ಲಿ ಯಾವ ವೀಸಾದಲ್ಲಿ ಹೀಗೆ ದುಡಿಯಬಹುದು ಎಂಬುದನ್ನೂ ನಮೂದಿಸಿರಿ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ಮತ್ತು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಉದ್ಯೋಗ ಮಾಹಿತಿ ಘಟಕಗಳು ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಅರ್ಧ ದಿನದ ತಿಳಿವಳಿಕೆ ಶಿಬಿರ ನಡೆಸಿದರೆ ಏಜೆಂಟರ ಬಾಗಿಲಿಗೆ ಹೋಗುವವರು ತಾವಾಗಿಯೇ ಕಡಿಮೆಯಾಗುತ್ತಾರೆ. ಆಸ್ಟ್ರೇಲಿಯಾದ ಲಾಟರಿಗೆ ಅಲ್ಲಿನ ಗೃಹ ಇಲಾಖೆಯ ಜಾಲತಾಣದಲ್ಲಿ ಸ್ವತಃ ಹೆಸರು ನೋಂದಾಯಿಸಬಹುದು. ಮೊದಲ ಸುತ್ತಿನಲ್ಲಿ ಅದಕ್ಕೆ 25 ಆಸ್ಟ್ರೇಲಿಯನ್ ಡಾಲರ್ ಶುಲ್ಕ, ಪಾಸ್‌ಪೋರ್ಟ್ ಮತ್ತು ಪ್ಯಾನ್ ಕಾರ್ಡ್ ಬೇಕಾಗಿದ್ದವು. ಆಸಕ್ತರು ಪಾಸ್‌ಪೋರ್ಟ್ ಅರ್ಜಿಯನ್ನು ಈಗಲೇ ಹಾಕಿಡಲಿ.

ಇಂತಿ,
ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು