ಹಳೇ ರಸೀದಿ ಹುಡುಕಿ ಕೊಟ್ಟವರಿಗೆ

ಹೋದ ಶನಿವಾರ ಸಂಜೆ ನಮ್ಮ ಯಕ್ಷಗಾನ ಸಂಘದ ಹೊಸ ಕಟ್ಟಡದಲ್ಲಿ ಇಪ್ಪತ್ತಾರು ಮಕ್ಕಳು ಗೆಜ್ಜೆ ಕಟ್ಟಿಕೊಂಡು ಸಾಲಾಗಿ ನಿಂತರು. ಹಾಡುವ ಭಾಗವತರು ತಾಳ ಹಾಕಿದರು. ಹೊಸ ಚಂಡೆಗೆ ಮೊದಲ ಪೆಟ್ಟು ಬಿತ್ತು. ಬಾಡಿಗೆಯದ್ದಲ್ಲ, ಬೇರೆ ಮೇಳದವರಿಂದ ಎರವಲು ತಂದದ್ದೂ ಅಲ್ಲ. ನಮ್ಮದೇ ಚಂಡೆ, ನಮ್ಮದೇ ಮದ್ದಲೆ, ನಮ್ಮದೇ ವೇಷದ ಪೆಟ್ಟಿಗೆ. ನಾನು ಬಾಗಿಲ ಹತ್ತಿರ ನಿಂತು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ನಮ್ಮ ಖಜಾಂಚಿಗಳ ಕಣ್ಣೂ ಒದ್ದೆಯಾಗಿತ್ತು.

ಅವತ್ತು ವೇದಿಕೆಯಲ್ಲಿ ಎಲ್ಲರಿಗೂ ಧನ್ಯವಾದ ಹೇಳಲು ಆಗಲಿಲ್ಲ. ಗಂಟಲು ಕಟ್ಟಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂತ ಬಹಳ ಜನ ಹೇಳಿದ್ದಾರೆ. ಒಬ್ಬರದು ಹಾಕಿ ಒಬ್ಬರದು ಬಿಡುವುದು ಸರಿಯಲ್ಲ, ಹಾಗಾಗಿ ಯಾರ ಹೆಸರೂ ಇಲ್ಲಿಲ್ಲ. ಓದುವಾಗ ನಿಮಗೆ ಗೊತ್ತಾಗುತ್ತದೆ, ಇದು ನಾನೇ ಅಂತ.

ನಮ್ಮದು ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ದಂಡೆಯ ಒಂದು ಊರು. ಘಟ್ಟದ ಮೇಲೆ ಬೇಡ್ತಿ ಅನ್ನಿಸಿಕೊಂಡು, ಮಾಗೋಡಿನಲ್ಲಿ ಧುಮುಕಿ ಕೆಳಗಿಳಿಯುವ ಹೊಳೆ ನಮ್ಮ ಹತ್ತಿರ ಬರುವಾಗ ಗಂಗಾವಳಿ. 2019ರ ಆಗಸ್ಟ್‌ನಲ್ಲಿ ಆ ಹೊಳೆ ನಮ್ಮ ಯಕ್ಷಗಾನ ಸಂಘದ ಅಂಗಳದ ತನಕ ಬಂದು ಹೋಗಿತ್ತು. ಇಷ್ಟು ಬಂತಲ್ಲ, ಇದಕ್ಕಿಂತ ಜಾಸ್ತಿ ಬರಲಿಕ್ಕಿಲ್ಲ ಅಂದುಕೊಂಡೆವು. 2021ರ ಜುಲೈ 23ರಂದು ಅದು ಒಳಗೇ ಬಂತು. ತಗಡಿನ ಶೆಡ್ಡು ನಮ್ಮದು. ನೀರು ಎದೆಮಟ್ಟ ನಿಂತು, ಮರುದಿನ ಇಳಿಯಿತು.

ಯಕ್ಷಗಾನದ ಸಾಮಾನಿಗೆ ನೀರು ತಾಗಿದರೆ ಏನಾಗುತ್ತದೆ ಅಂತ ನೋಡದವರಿಗೆ ಹೇಳುವುದು ಕಷ್ಟ. ಕಿರೀಟದ ಮೇಲಿನ ಹೊಳೆಯುವ ಬೇಗಡೆ ಹಾಳೆ ಸಿಪ್ಪೆಯ ಹಾಗೆ ಸುಲಿದು ಬಂದಿತ್ತು. ಒಳಗಿನ ಮರ ಉಬ್ಬಿತ್ತು. ಕಸೆ ಸೀರೆಯ ಕೆಂಪು ಬಣ್ಣ ಹಸಿರು ದಗಲೆಗೆ, ಅಂದರೆ ಮೇಲಂಗಿಗೆ, ಹತ್ತಿ ಎರಡೂ ಕಂದಾಗಿದ್ದವು. ಗೆಜ್ಜೆಯ ಒಂದೊಂದು ಗುಂಡಿನೊಳಗೂ ಕೆಸರು ತುಂಬಿತ್ತು, ಅಲ್ಲಾಡಿಸಿದರೆ ಸದ್ದೇ ಇಲ್ಲ. ಮದ್ದಲೆಯ ಚರ್ಮದ ಮುಚ್ಚಿಗೆ ನೆನೆದು ಜೋತುಬಿದ್ದಿತ್ತು, ನಡುವಿನ ಕರಿ ಲೇಪ ಕರಗಿ ಹೋಗಿತ್ತು. ಚಂಡೆಯನ್ನಾದರೂ ಉಳಿಸೋಣ ಅಂತ ನಾವು ಬಿಸಿಲಿಗೆ ಇಟ್ಟೆವು. ಅದು ನಮ್ಮ ತಪ್ಪು. ನೆನೆದ ಮರವನ್ನು ನೇರ ಬಿಸಿಲಿಗೆ ಇಡಬಾರದು, ನೆರಳಲ್ಲಿ ನಿಧಾನಕ್ಕೆ ಒಣಗಿಸಬೇಕು. ಎರಡು ದಿನದಲ್ಲಿ ಅದು ಉದ್ದಕ್ಕೆ ಸೀಳಿತು. ನಮ್ಮ ಹಿರಿಯ ಚಂಡೆಯವರು ಆ ಸೀಳಿನ ಮೇಲೆ ಕೈ ಆಡಿಸುತ್ತಾ ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಅವರು ಮೂವತ್ತು ವರ್ಷ ಬಾರಿಸಿದ ಚಂಡೆ ಅದು.

ಇದೆಲ್ಲ ಕಣ್ಣಿಗೆ ಕಂಡ ನಷ್ಟ. ಕಾಣದ ನಷ್ಟ ಇನ್ನೊಂದಿತ್ತು. ವೇಷ ಇಡುತ್ತಿದ್ದ ಕಪಾಟಿನ ಕೆಳಗಿನ ಖಾನೆಯಲ್ಲಿ ಸಂಘದ ರೋಕಡ ಪುಸ್ತಕ, ರಸೀದಿ ಪುಸ್ತಕ, ಸಭೆಯ ನಡಾವಳಿ ಇದ್ದವು. ಎಲ್ಲ ಮುದ್ದೆಯಾಗಿದ್ದವು. ಅವತ್ತು ಅದನ್ನು ಕೆಸರಿನ ಜೊತೆ ಬಾಚಿ ಹೊರಗೆ ಹಾಕಿದೆವು. ಕಿರೀಟ ಹೋದ ದುಃಖದಲ್ಲಿ ಪುಸ್ತಕ ಯಾರಿಗೆ ಬೇಕು, ಅಲ್ವಾ?

ಬೇಕು. ಅದು ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಮೊದಲು ನಾವು ಒಂದು ಮನವಿ ಪತ್ರ ಬರೆದು, ಹಾಳಾದ ವೇಷದ ಫೋಟೋ ಅಂಟಿಸಿ, ಕಂಡ ಕಂಡ ಕಡೆ ಕೊಟ್ಟೆವು. ಒಂದು ಕಚೇರಿಯಲ್ಲಿ ಅದು ಎಂಟು ತಿಂಗಳು ಕೂತಿತ್ತು. ನಾಲ್ಕು ಸಲ ಬಸ್ಸು ಹತ್ತಿ ಹೋದೆವು. ಕೊನೆಗೆ ಅಲ್ಲಿಯ ಒಬ್ಬ ಗುಮಾಸ್ತರು ನನ್ನನ್ನು ಕೂರಿಸಿ, ನೀರು ಕೊಟ್ಟು, "ಅಕ್ಕೋರೆ, ನಿಮ್ಮ ಪತ್ರ ಚೆನ್ನಾಗಿದೆ. ಆದ್ರೆ ಪತ್ರಕ್ಕೆ ಯಾರೂ ದುಡ್ಡು ಕೊಡೋದಿಲ್ಲ. ಮೂರು ವರ್ಷದ ಆಡಿಟ್ ಆದ ಲೆಕ್ಕ ತನ್ನಿ, ನೋಂದಣಿ ನವೀಕರಣ ಮಾಡಿಸಿ" ಅಂದರು. ಆಮೇಲೆ ಒಂದು ಹಾಳೆಯಲ್ಲಿ ಏನೇನು ಬೇಕು ಅಂತ ಅವರೇ ಬರೆದುಕೊಟ್ಟರು. ಆ ಹಾಳೆ ಈಗಲೂ ನನ್ನ ಫೈಲಿನ ಮೊದಲ ಪುಟ. ಸಾರ್, ಇದನ್ನು ನೀವು ಓದಿದರೆ, ನಮ್ಮ ಕೆಲಸ ನಿಜವಾಗಿ ಶುರುವಾದದ್ದು ನಿಮ್ಮ ಆ ಹಾಳೆಯಿಂದ.

ಊರಿನ ಸಂಘಗಳನ್ನು ನಡೆಸುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಣಿಯಾದದ್ದು. ಆ ಕಾಯ್ದೆಯ ಪ್ರಕಾರ ವರ್ಷ ವರ್ಷ ಮಹಾಸಭೆ ಮಾಡಿ, ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಿ ಕಚೇರಿಗೆ ಸಲ್ಲಿಸಬೇಕು. ನಾವು ಮಹಾಸಭೆ ಮಾಡುತ್ತಿದ್ದೆವು, ಲೆಕ್ಕ ಓದುತ್ತಿದ್ದೆವು, ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದೆವು. ಸಲ್ಲಿಸಿರಲಿಲ್ಲ. ಕೋವಿಡ್ ಇದ್ದ ವರ್ಷ ಒಂದು ಆಟವೂ (ಯಕ್ಷಗಾನ ಪ್ರದರ್ಶನವೂ) ಆಗಲಿಲ್ಲ, ಒಂದು ರೂಪಾಯಿ ವಂತಿಗೆಯೂ ಬರಲಿಲ್ಲ. ಆಟವೇ ಇಲ್ಲದ ವರ್ಷಕ್ಕೂ ಲೆಕ್ಕ ಬರೆಯಬೇಕು ಅನ್ನುವುದು ನಮಗೆ ಗೊತ್ತಿರಲಿಲ್ಲ. ಈಗ ಲೆಕ್ಕ ಬರೆಯೋಣ ಅಂದರೆ ಪುಸ್ತಕ ಹೊಳೆಪಾಲು.

ಆಗ ನಮ್ಮ ಖಜಾಂಚಿಗಳು ಒಂದು ಉಪಾಯ ಮಾಡಿದರು. ದೇವಸ್ಥಾನದ ಹಬ್ಬದ ದಿನ ಮೈಕ್ ಹಿಡಿದು, "ಸಂಘಕ್ಕೆ ಸಂಬಂಧಪಟ್ಟ ಯಾವ ಕಾಗದ ನಿಮ್ಮ ಮನೆಯಲ್ಲಿದ್ದರೂ ತಂದುಕೊಡಿ, ಹರಿದಿದ್ದರೂ ಸರಿ" ಅಂತ ಕೇಳಿಕೊಂಡರು. ಹತ್ತು ಹದಿನೈದು ಚೀಟಿ ಸಿಕ್ಕರೆ ಜಾಸ್ತಿ ಅಂದುಕೊಂಡಿದ್ದೆ.

ಒಂದು ತಿಂಗಳಲ್ಲಿ ನನ್ನ ಮನೆಯ ಜಗಲಿ ತುಂಬಿತು. ದೇವರ ಗೂಡಿನಲ್ಲಿ ಕುಂಕುಮದ ಜೊತೆ ಇಟ್ಟಿದ್ದ 101 ರೂಪಾಯಿಯ ರಸೀದಿ ಬಂತು. ಮಗನ ಅಂಕಪಟ್ಟಿಯ ಫೈಲಿನಲ್ಲಿ ಸೇರಿಕೊಂಡಿದ್ದ ರಸೀದಿ ಬಂತು. ಶಾಮಿಯಾನದವರು ತಮ್ಮ ಬಿಲ್ ಬುಕ್ಕಿನ ಕಾರ್ಬನ್ ಪ್ರತಿಗಳನ್ನು ಮೂರು ವರ್ಷದ್ದೂ ಹುಡುಕಿ, ಜೆರಾಕ್ಸ್ ಮಾಡಿಸಿ, ಅದರ ದುಡ್ಡೂ ತೆಗೆದುಕೊಳ್ಳದೆ ಕೊಟ್ಟರು. ಪೇಟೆಯ ಪ್ರಿಂಟಿಂಗ್ ಪ್ರೆಸ್ಸಿನವರ ಹತ್ತಿರ ನಮ್ಮ ಆಮಂತ್ರಣ ಪತ್ರಿಕೆಗಳ ಒಂದೊಂದು ಪ್ರತಿ ಇತ್ತು. ಯಾವ ದಿನ ಆಟ, ಯಾರು ಭಾಗವತರು, ವೇಷಧಾರಿಗಳ ಮುಮ್ಮೇಳದಲ್ಲಿ ಯಾರ್‍ಯಾರು, ಎಲ್ಲ ಅದರಲ್ಲಿತ್ತು. ಅತಿಥಿ ಕಲಾವಿದರು ತಮ್ಮ ಡೈರಿ ನೋಡಿ, ನಾವು ಕೊಟ್ಟ ಸಂಭಾವನೆಯನ್ನು ಬರೆದು ಸಹಿ ಹಾಕಿ ಕಳಿಸಿದರು. ಕ್ಯಾಲೆಂಡರಿನ ಹಿಂದೆ ಹಾಲಿನ ಲೆಕ್ಕದ ಕೆಳಗೆ "ಆಟಕ್ಕೆ 50" ಅಂತ ಬರೆದಿದ್ದನ್ನು ಒಬ್ಬ ಅಜ್ಜಿ ಹರಿದು ತಂದುಕೊಟ್ಟರು. ಅದು ಲೆಕ್ಕಕ್ಕೆ ಬರುವುದಿಲ್ಲ ಅಂತ ಗೊತ್ತಿದ್ದೂ ನಾನು ತೆಗೆದುಕೊಂಡೆ.

ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆ ಇದನ್ನೆಲ್ಲ ತಾಳೆ ಹಾಕಿದೆವು. ಆರು ಭಾನುವಾರ ಬೇಕಾಯಿತು. ನಮ್ಮೂರಿನ ಮೂಲದ ಲೆಕ್ಕ ಪರಿಶೋಧಕರು ಹುಬ್ಬಳ್ಳಿಯಿಂದ ಬಂದು ಫೀ ಇಲ್ಲದೆ ಆಡಿಟ್ ಮಾಡಿಕೊಟ್ಟರು. ಆದರೆ ದಾಖಲೆ ಇಲ್ಲದ ಒಂದೇ ಒಂದು ರೂಪಾಯಿಯನ್ನೂ ಅವರು ಒಪ್ಪಲಿಲ್ಲ. ಅವತ್ತು ಸ್ವಲ್ಪ ಬೇಸರ ಆಗಿತ್ತು, ಇವತ್ತು ಅದಕ್ಕೇ ಹೆಚ್ಚು ಋಣಿ. ಬಾಕಿಯಿದ್ದ ವರ್ಷಗಳ ದಂಡ ಕಟ್ಟಿ ನವೀಕರಣ ಮಾಡಿಸಿದೆವು. ಆಮೇಲೆ ನಾವು ಹಾಕಿದ ಯಾವ ಅರ್ಜಿಯೂ ಲೆಕ್ಕದ ಕಾರಣಕ್ಕೆ ವಾಪಸ್ ಬರಲಿಲ್ಲ.

ಜನ ಕೇಳುತ್ತಾರೆ, ದೊಡ್ಡ ದಾನಿ ಯಾರು ಅಂತ. ನನ್ನ ಲೆಕ್ಕದಲ್ಲಿ ಆ ಚೀಟಿಗಳನ್ನು ಎತ್ತಿಟ್ಟುಕೊಂಡವರು. ಐವತ್ತು, ನೂರು ಕೊಟ್ಟು, ಅದರ ರಸೀದಿಯನ್ನು ದೇವರ ಪಕ್ಕ ಇಟ್ಟವರು.

ಹಣದ ವಿಷಯವನ್ನೂ ಹೇಳಬೇಕು. ವೇಷ ಇಲ್ಲ, ಆಟ ಆಡಲು ಆಗುವುದಿಲ್ಲ. ಹಾಗಾದರೆ ತಾಳಮದ್ದಲೆ ಮಾಡೋಣ ಅಂದವರು ನಮ್ಮ ಭಾಗವತರು. ಅದಕ್ಕೆ ಬಣ್ಣ ಬೇಡ, ಕಿರೀಟ ಬೇಡ, ಒಂದು ಮದ್ದಲೆ ಎರವಲು ಸಿಕ್ಕರೆ ಸಾಕು. ಮಾತೇ ವೇಷ. ಏಳು ಊರಿನಲ್ಲಿ ಏಳು ರಾತ್ರಿ ಕೂತೆವು. ಪಾತ್ರವಾಗಿ ಮಾತಾಡುವ ಹೆಸರಾಂತ ಅರ್ಥಧಾರಿಗಳು ಬಸ್ ಚಾರ್ಜನ್ನೂ ಮುಟ್ಟಲಿಲ್ಲ. ಒಂದು ಊರಿನಲ್ಲಿ ಮಳೆ ಬಂದು ಕರೆಂಟು ಹೋಯಿತು. ಜನ ಮೊಬೈಲಿನ ಬೆಳಕು ಹಿಡಿದು ಕೂತರು, ಯಾರೂ ಏಳಲಿಲ್ಲ. ಕೃಷ್ಣ ಸಂಧಾನದ ಮಾತು ಆ ಬೆಳಕಿನಲ್ಲಿ ಕೇಳಿದ್ದು ನನಗೆ ಮರೆಯುವುದಿಲ್ಲ.

ವಾದ್ಯ ಪರಿಕರ ಮತ್ತು ವೇಷಭೂಷಣ ಖರೀದಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ಧನಸಹಾಯ ಇದೆ. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅದನ್ನು ಕೂತು ತುಂಬಿದವಳು ನಮ್ಮ ಹೆಜ್ಜೆ ಕ್ಲಾಸಿನದ್ದೇ ಹುಡುಗಿ, ಈಗ ಪಿಯುಸಿ. ಆ ಹಣದಿಂದ ಚಂಡೆ, ಮದ್ದಲೆ ಬಂದವು. ಇಲಾಖೆಗೆ ನಮ್ಮ ಕೃತಜ್ಞತೆ. ಮುಂಬೈ, ಬೆಂಗಳೂರಿನಲ್ಲಿರುವ ನಮ್ಮೂರಿನವರು ಕಿರೀಟ, ಭುಜಕೀರ್ತಿಗಳ ಖರ್ಚು ಹಂಚಿಕೊಂಡರು. ನಮ್ಮಲ್ಲಿ ಆದಾಯ ತೆರಿಗೆಯ 80ಜಿ ನೋಂದಣಿ ಇಲ್ಲ, ತೆರಿಗೆ ರಿಯಾಯಿತಿ ಸಿಗುವುದಿಲ್ಲ ಅಂತ ಮೊದಲೇ ಹೇಳಿದ್ದೆವು. ಆದರೂ ಕೊಟ್ಟರು. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಕೇಳಬೇಕೆಂದರೂ ಆದಾಯ ತೆರಿಗೆಯ 12ಎ, 80ಜಿ ಎರಡನ್ನೂ ಮಾಡಿಸಿಕೊಂಡು, ಸಿಎಸ್‌ಆರ್‌ಗೆ ನೋಂದಣಿ ಆಗಿರಬೇಕು. ಅದರ ಕೆಲಸ ಈಗ ಶುರು ಮಾಡಿದ್ದೇವೆ.

ವಿದೇಶದ ಪೌರತ್ವ ಪಡೆದ ನಮ್ಮೂರಿನ ಒಬ್ಬರು ದೊಡ್ಡ ಮೊತ್ತ ಕಳಿಸುತ್ತೇನೆ ಅಂದರು. ವಿದೇಶದ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ನಾವು ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ಬೇಡ ಅಂತ ಹೇಳುವುದು ನನಗೆ ತುಂಬಾ ಕಷ್ಟವಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ರಜೆಗೆ ಬಂದಾಗ ಹತ್ತು ದಿನ ನಮ್ಮ ಜೊತೆ ಬುಟ್ಟಿ ಹಿಡಿದು ಮಣ್ಣು ಹೊತ್ತರು. ಅಣ್ಣಾ, ಆ ಅಡಿಪಾಯದಲ್ಲಿ ನಿಮ್ಮ ಬೆವರಿದೆ.

ಅಡಿಪಾಯ ಅಂದೆನಲ್ಲ. ಹಳೇ ಶೆಡ್ಡು ನಿಂತಿದ್ದ ಜಾಗ ಒಂದು ಮನೆತನದವರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಕಟ್ಟಡ ಕೇಳಿದಾಗ ಮೊದಲ ಪ್ರಶ್ನೆ ಪಹಣಿಯದ್ದು. ಆ ನಿಧಿಯ ಹಣ ಸಂಘದ ಕೈಗೆ ಬರುವುದಿಲ್ಲ. ಜಿಲ್ಲಾಡಳಿತದ ಮಂಜೂರಾತಿ ಆಗಿ, ಕೆಲಸ ಮಾಡುವ ಸರ್ಕಾರಿ ಸಂಸ್ಥೆಗೆ ಹೋಗುತ್ತದೆ. ಜಾಗ ಖಾಸಗಿಯವರ ಹೆಸರಿನಲ್ಲಿದ್ದರೆ ಅಲ್ಲಿಗೇ ನಿಲ್ಲುತ್ತದೆ. ನಾವು ಅಳುಕುತ್ತಲೇ ಆ ಮನೆಗೆ ಹೋದೆವು. ಎಂಬತ್ತು ದಾಟಿದ ಅಮ್ಮ ಎಲೆ ಅಡಿಕೆಯ ಕವಳ ಹಾಕುತ್ತಾ ಕೇಳಿಸಿಕೊಂಡರು. "ನನ್ನ ಗಂಡ ಮಾತಿನಲ್ಲಿ ಕೊಟ್ಟಾಗಿದೆ. ಕಾಗದ ಬೇಕಂದ್ರೆ ಕಾಗದದಲ್ಲೂ ಕೊಡುವಾ" ಅಂದರು. ಮೂರು ಗುಂಟೆ. ನಾಲ್ಕು ಮಕ್ಕಳೂ ಸಹಿ ಹಾಕಿದರು. ಒಬ್ಬರು ಅದಕ್ಕೆಂದೇ ಪುಣೆಯಿಂದ ಬಂದರು. ಜಾಗ ಈಗ ಗ್ರಾಮ ಪಂಚಾಯತಿ ಹೆಸರಿನಲ್ಲಿದೆ, ಊರಿನ ಎಲ್ಲರದ್ದೂ ಆಗಿದೆ. 2021ರ ನೀರಿನ ಗುರುತಿಗಿಂತ ಎರಡು ಅಡಿ ಮೇಲೆ ಹೊಸ ಕಟ್ಟಡದ ನೆಲ ಇದೆ. ಪಂಚಾಯತಿಯವರು, ಮಂಜೂರಾತಿ ಕೊಟ್ಟವರು, ಕೆಲಸ ಮಾಡಿದ ಮೇಸ್ತ್ರಿ ಮತ್ತು ಹುಡುಗರು, ಎಲ್ಲರಿಗೂ ಕೈಮುಗಿಯುತ್ತೇನೆ.

ದಗಲೆ, ಕಸೆ ಸೀರೆ, ಚಲ್ಲಣ ಹೊಲಿದದ್ದು ನಮ್ಮೂರಿನ ಸ್ವಸಹಾಯ ಸಂಘದ ಅಕ್ಕಂದಿರು. ಮಕ್ಕಳ ವೇಷ ಅಳತೆಗೆ ಸಿಗುವುದು ಕಷ್ಟ, ದೊಡ್ಡವರದ್ದನ್ನು ಪಿನ್ನು ಹಾಕಿ ಕಟ್ಟುತ್ತಿದ್ದೆವು. ಇವರು ಒಬ್ಬೊಬ್ಬ ಮಗುವನ್ನೂ ನಿಲ್ಲಿಸಿ ಅಳತೆ ತೆಗೆದರು. ಮಗು ಬೆಳೆದರೆ ಬಿಚ್ಚಿ ದೊಡ್ಡದು ಮಾಡಲು ಬರಲಿ ಅಂತ ಒಳಗೆ ಮೂರು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದಾರೆ. ಇದು ನಾವು ಹೇಳಿದ್ದಲ್ಲ, ಅವರಿಗೇ ಹೊಳೆದದ್ದು. ಮನೆಯಲ್ಲಿ ಮಕ್ಕಳಿಗೆ ಹೊಲಿಯುವ ಹಾಗೆ ಹೊಲಿದಿದ್ದಾರೆ.

ನಮ್ಮ ಗುರುಗಳ ಬಗ್ಗೆ ಎಷ್ಟು ಬರೆದರೂ ಸಾಲದು. ಚಂಡೆ ಇಲ್ಲದ ಕಾಲದಲ್ಲಿ ಅವರು ಹಲಗೆಯ ಮೇಲೆ ಕೋಲಿನಲ್ಲಿ ಬಡಿದು ತಾಳ ಕಲಿಸಿದರು. ಶಾಲೆಯ ಜಗಲಿ, ಯಾರದೋ ಮನೆಯ ಅಂಗಳ, ಎಲ್ಲಿ ಜಾಗ ಸಿಕ್ಕರೂ ಸರಿ. ಒಂದು ಶನಿವಾರವೂ ತಪ್ಪಿಸಲಿಲ್ಲ. ಇಪ್ಪತ್ತಾರರಲ್ಲಿ ಹದಿನೈದು ಹೆಣ್ಣುಮಕ್ಕಳು. ಹಲಗೆಯ ಸದ್ದಿಗೆ ಕಲಿತ ಹೆಜ್ಜೆ, ಮೊನ್ನೆ ಚಂಡೆಗೆ ಒಂದಿಷ್ಟೂ ತಪ್ಪಲಿಲ್ಲ. ಸೀಳಿದ ಚಂಡೆಯ ಮೇಲೆ ಕೈ ಆಡಿಸಿದ ನಮ್ಮ ಹಿರಿಯರೇ ಹೊಸದಕ್ಕೆ ಮೊದಲ ಪೆಟ್ಟು ಹಾಕಿದರು. ಬಾರಿಸಿ ಮುಗಿಸಿ, ಕೋಲನ್ನು ಎಂಟನೇ ಕ್ಲಾಸಿನ ಹುಡುಗನ ಕೈಗೆ ಕೊಟ್ಟು, "ನೋಡು ತಮಾ, ನೆರಳಲ್ಲಿಡು" ಅಂದರು.

ಬಂದದ್ದು, ಖರ್ಚಾದದ್ದು, ಉಳಿದದ್ದು, ಪೂರ್ತಿ ಲೆಕ್ಕವನ್ನು ಕಟ್ಟಡದ ಒಳಗೋಡೆಗೆ ಅಂಟಿಸಿದ್ದೇವೆ. ಯಾರು ಬೇಕಾದರೂ ಓದಬಹುದು, ಕೇಳಬಹುದು. ಪುಸ್ತಕಗಳು ಈಗ ಅಟ್ಟದ ಮೇಲೆ ಕಬ್ಬಿಣದ ಪೆಟ್ಟಿಗೆಯಲ್ಲಿವೆ, ಒಂದು ಪ್ರತಿ ಬೇರೆ ಮನೆಯಲ್ಲಿದೆ.

ಇನ್ನು ನೀವು ಕೊಟ್ಟ ಕಾಗದಗಳು. ಜೆರಾಕ್ಸ್ ಇಟ್ಟುಕೊಂಡು ಮೂಲ ರಸೀದಿ, ಡೈರಿ ಹಾಳೆ, ಆಮಂತ್ರಣ ಪತ್ರಿಕೆ ಎಲ್ಲವನ್ನೂ ಒಂದೊಂದು ಲಕೋಟೆಯಲ್ಲಿ ಹಾಕಿ ನಿಮ್ಮ ನಿಮ್ಮ ಹೆಸರು ಬರೆದಿದ್ದೇವೆ. ಅಜ್ಜಿಯ ಕ್ಯಾಲೆಂಡರ್ ಚೂರಿಗೂ ಒಂದು ಲಕೋಟೆ ಇದೆ. ಶನಿವಾರ ಬಂದು ತೆಗೆದುಕೊಂಡು ಹೋಗಿ. ನಾಲ್ಕು ಗಂಟೆಗೆ ಮಕ್ಕಳ ಕ್ಲಾಸು ಶುರುವಾಗುತ್ತದೆ, ಸ್ವಲ್ಪ ಹೊತ್ತು ಕೂತು ನೋಡಿ.