ಹ್ಯಾಂಡಲ್ ಬೋಲ್ಟು ಬಿಗಿ ಮಾಡಿ ಕಳಿಸಿ

ಸಂಪಾದಕರೇ,

ರಸ್ತೆ ಗುಂಡಿ ಬಗ್ಗೆ ನಿಮಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಸೈಕಲ್ ಹ್ಯಾಂಡಲ್ ಬಗ್ಗೆ ಬರೆಯುತ್ತಿದ್ದೇನೆ. ಮುಧೋಳ, ಜಮಖಂಡಿ ಕಡೆ ಶಾಲೆಗೆ ಹೊರಟ ಮಕ್ಕಳ ಸೈಕಲ್ ನೋಡಿ, ಎಷ್ಟೋ ಸೈಕಲ್‌ಗಳ ಹ್ಯಾಂಡಲ್ ಒಂದು ಕಡೆ, ಗಾಲಿ ಒಂದು ಕಡೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಪಕ್ಕದಲ್ಲೇ ಈ ಮಕ್ಕಳು ಹೋಗಬೇಕು. ಅಲ್ಲಿ ಹ್ಯಾಂಡಲ್ ತಿರುಗಿ ಗಾಲಿ ತಿರುಗದಿದ್ದರೆ ಏನು ಗತಿ?

ಗಾಳಿ ಹಾಕಿಸುತ್ತೇವೆ, ಚೈನಿಗೆ ಎಣ್ಣೆ ಬಿಡುತ್ತೇವೆ, ಇದನ್ನು ಮಾತ್ರ ಯಾರೂ ನೋಡಲ್ಲ. ಮುಂದಿನ ಗಾಲಿಯನ್ನು ಎರಡು ಮೊಣಕಾಲಿನ ನಡುವೆ ಗಟ್ಟಿ ಹಿಡಿದು ಹ್ಯಾಂಡಲ್ ತಿರುವಿ ನೋಡಿ. ಅದೊಂದೇ ತಿರುಗಿದರೆ, ಮಾಮೂಲಿ ಸೈಕಲ್‌ನಲ್ಲಿ ಹ್ಯಾಂಡಲ್ ನಡುವೆ ಮೇಲೆ ಕಾಣುವ ಬೋಲ್ಟು ಸಡಿಲ ಆಗಿದೆ ಅಂತ ಅರ್ಥ. ಕಾಣುವುದು ಬರೀ ಅದರ ತಲೆ. ಆ ಬೋಲ್ಟು ಪೈಪಿನೊಳಗೆ ಉದ್ದಕ್ಕೆ ಇಳಿದಿರುತ್ತದೆ, ಪಾನಾ ಹಾಕಿ ತಿರುವಿದಂತೆ ತುದಿಯ ಬೆಣೆ ಮೇಲಕ್ಕೆ ಬಂದು ಪೈಪನ್ನು ಒಳಗಿಂದ ಒತ್ತಿ ಹಿಡಿಯುತ್ತದೆ. ಬ್ರೇಕ್ ಹಾಕಿದಾಗ ಹ್ಯಾಂಡಲ್ ಕೆಳಕ್ಕೆ ಬಾಗುತ್ತಿದ್ದರೆ ತಪ್ಪು ಬೇರೆ ಕಡೆ, ಹ್ಯಾಂಡಲ್ ಅಪ್ಪಿ ಹಿಡಿದಿರುವ ಮುಂದಿನ ಬೋಲ್ಟು ನೋಡಬೇಕು. ಗೇರ್ ಸೈಕಲ್‌ಗಳಲ್ಲಿ ಅಲ್ಲಿ ಸಾಮಾನ್ಯವಾಗಿ 4 ಬೋಲ್ಟು ಇರುತ್ತವೆ. ಒಂದನ್ನೇ ಪೂರ್ತಿ ಬಿಗಿ ಮಾಡಬಾರದು, ಎದುರುಬದುರು ಸ್ವಲ್ಪ ಸ್ವಲ್ಪವೇ ತಿರುವಬೇಕು. ಎಷ್ಟು ಬಿಗಿ ಅನ್ನೋದು ಎಷ್ಟೋ ಸಲ ಅಲ್ಲೇ ಬರೆದಿರುತ್ತದೆ, 5 ನ್ಯೂಟನ್ ಮೀಟರ್ ಅಂತಲೋ 6 ಅಂತಲೋ.

ಹಾಗಂತ ಪಾನಾಕ್ಕೆ ಪೈಪ್ ಸಿಕ್ಕಿಸಿ ಮೈಮೇಲೆ ದೇವರು ಬಂದವರ ಹಾಗೆ ತಿರುವಬೇಡಿ. ಥ್ರೆಡ್ ಹೋಗುತ್ತದೆ, ಒಳಗಿನ ಪೈಪೂ ಉಬ್ಬುತ್ತದೆ.

8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವುದು 2006-07ರಲ್ಲಿ ಶುರುವಾಯಿತು. ಒಳ್ಳೆ ಯೋಜನೆ, ಎರಡು ಮಾತಿಲ್ಲ. ಆದರೆ ಅಕ್ಕನ ಸೈಕಲ್ ತಮ್ಮನಿಗೆ ಬರುತ್ತದೆ, ತಮ್ಮ ಎತ್ತರ ಆದ ಅಂತ ಅಪ್ಪ ಹ್ಯಾಂಡಲ್ ಮೇಲಕ್ಕೆ ಎಳೆಯುತ್ತಾನೆ. ಹ್ಯಾಂಡಲಿನ ಕಂಬದ ಮೇಲೆ ಇಷ್ಟು ಒಳಗೆ ಇರಲೇಬೇಕು ಅನ್ನುವ ಗೆರೆ ಇರುತ್ತದೆ, ಆ ಗೆರೆ ಹೊರಗೆ ಕಂಡರೆ ಬೋಲ್ಟು ಎಷ್ಟೇ ಬಿಗಿ ಮಾಡಿದರೂ ಅಷ್ಟೇ.

ಹೊಸ ಸೈಕಲ್ ಮಾರುವವರೂ ಗಡಿಬಿಡಿಯಲ್ಲಿ ಜೋಡಿಸಿ ಸುಮ್ನೆ ಕಳಿಸಬೇಡಿ, ಗಿರಾಕಿ ಎದುರೇ ಹ್ಯಾಂಡಲ್ ತಿರುವಿ ತೋರಿಸಿ, ಸ್ವಲ್ಪ ದಿನ ಓಡಿಸಿದ ಮೇಲೆ ಮತ್ತೆ ಬರಲು ಹೇಳಿ. ಶಾಲೆಯಲ್ಲಿ ಎರಡು ಮೂರು ಅಳತೆಯ ಪಾನಾ ಇಡೋದಕ್ಕೆ ಏನು ಮಹಾ ಖರ್ಚು? ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ದೈಹಿಕ ಶಿಕ್ಷಕರು ಎಲ್ಲ ಸೈಕಲ್ ಒಮ್ಮೆ ನೋಡಲಿ, ದೊಡ್ಡ ಮಕ್ಕಳಿಗೂ ಕಲಿಸಲಿ.

– ಒಬ್ಬ ಓದುಗ, ಮುಧೋಳ, ಬಾಗಲಕೋಟೆ ಜಿಲ್ಲೆ