ಉಕ್ರೇನ್ ನಕ್ಷೆಗೆ ಎರಡೇ ಬಣ್ಣ ಸಾಲದು

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಉಕ್ರೇನ್ ಬಗ್ಗೆ ಬಂದ ಲೇಖನ ಓದಿದೆ. ಪೂರ್ವಕ್ಕೆ ರಷ್ಯನ್ ಮಾತಾಡುವವರು, ಪಶ್ಚಿಮಕ್ಕೆ ಉಕ್ರೇನಿಯನ್ ಮಾತಾಡುವವರು ಅಂತ ಎರಡು ಬಣ್ಣ ಬಳಿದು ನಕ್ಷೆ ಹಾಕಿದ್ದೀರಿ. ಅಷ್ಟು ಸುಲಭ ಇಲ್ಲ ಸ್ವಾಮಿ.

ನನ್ನ ಅಕ್ಕನ ಮಗ ಪಶ್ಚಿಮದ ತುದಿಯ ಉಜ್‌ಹೊರೊಡ್‌ನಲ್ಲಿ ಮೆಡಿಕಲ್ ಓದುತ್ತಿದ್ದ. 2022ರಲ್ಲಿ ಯುದ್ಧ ಶುರುವಾದಾಗ ಹಂಗೇರಿ ದಾರಿ ಹಿಡಿದು ಊರು ಸೇರಿದ. ಹೋದ ಹೊಸತರಲ್ಲಿ ಮನೆ ತೋರಿಸುವ ಅಜ್ಜಿ ಹತ್ತು ಗಂಟೆಗೆ ಬಾ ಅಂದಿದ್ದಳಂತೆ. ಇವನು ಹೋಗಿ ಚಳಿಯಲ್ಲಿ ಒಂದು ಗಂಟೆ ನಿಂತ. ಅಜ್ಜಿ ಬಂದವಳು ತನ್ನ ಗಡಿಯಾರ ತೋರಿಸಿದಳು, ಸರಿಯಾಗಿ ಹತ್ತು! ಆ ಸೀಮೆಯಲ್ಲಿ ಎಷ್ಟೋ ಜನ ಈಗಲೂ ಕೀವ್ ಸಮಯ ಬಿಟ್ಟು ಒಂದು ಗಂಟೆ ಹಿಂದಿನ ‘ನಮ್ಮೂರ ಸಮಯ’ವನ್ನೇ ಹೇಳುತ್ತಾರೆ. ಅದು ಪಕ್ಕದ ಹಂಗೇರಿ, ಸ್ಲೊವಾಕಿಯಾದ ಸಮಯ.

ಸುಮ್ನೆ ಹಟಕ್ಕೆ ಅಲ್ಲ. ಅಲ್ಲಿನ ಖುಸ್ತ್ ಪಟ್ಟಣವನ್ನೇ ತಗೊಳ್ಳಿ. ಮೊದಲ ಮಹಾಯುದ್ಧ ಮುಗಿಯುವವರೆಗೆ ಆಸ್ಟ್ರಿಯಾ-ಹಂಗೇರಿ, ಆಮೇಲೆ ಚೆಕೊಸ್ಲೊವಾಕಿಯಾ, 1939ರ ಮಾರ್ಚ್ 15ಕ್ಕೆ ಕಾರ್ಪಾಥೋ-ಉಕ್ರೇನ್ ಅಂತ ಸ್ವತಂತ್ರ ದೇಶ (ಮಾರನೇ ದಿನವೇ ಹಂಗೇರಿ ಸೇನೆ ಬಂದು ಊರು ಹಿಡಿಯಿತು, ಪಾಪ), 1945ರಲ್ಲಿ ಸೋವಿಯತ್ ಒಕ್ಕೂಟ, 1991ರಿಂದ ಉಕ್ರೇನ್. 1910ರಲ್ಲಿ ಹುಟ್ಟಿ ತೊಂಬತ್ತು ವರ್ಷ ಬಾಳಿದವರು ಹೊಸಿಲು ದಾಟದೆ ಆರು ದೇಶದಲ್ಲಿ ಇದ್ದಂತಾಯಿತು.

ಅಲ್ಲಿನ ಸ್ಲಾವ್ ಜನರಲ್ಲೇ ರುಸಿನರು ಅಂತ ಇದ್ದಾರೆ. ನಾವು ಬೇರೆ ಅನ್ನುವವರೂ ಉಂಟು, ನಾವೂ ಉಕ್ರೇನಿಯನ್ನರೇ ಅನ್ನುವವರೂ ಉಂಟು. 2001ರ ಜನಗಣತಿಯಲ್ಲಿ ರುಸಿನ್ ಅಂತ ಬರೆಸಿದವರು ಸುಮಾರು 10 ಸಾವಿರ, ಹಂಗೇರಿಯನ್ನರು ಒಂದೂವರೆ ಲಕ್ಷ. ಮುಕಾಚೆವೊದಲ್ಲಿ ಒಂದು ಕಾಲಕ್ಕೆ ಹೆಚ್ಚುಕಡಿಮೆ ಅರ್ಧ ಊರು ಯೆಹೂದಿಗಳದ್ದಾಗಿತ್ತು. 1944ರ ಮೇ ತಿಂಗಳಲ್ಲಿ ಅವರನ್ನು ರೈಲಿಗೆ ತುಂಬಿ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ ಕಳಿಸಿದರು. ನಿಮ್ಮ ಲೇಖನದಲ್ಲಿ ಇದರ ಒಂದು ಸಾಲೂ ಇಲ್ಲ.

ಇನ್ನು ಸೆಲ್ಮೆನ್ಸ್ ಅಂತ ಹಂಗೇರಿಯನ್ ಮಾತಾಡುವವರ ಹಳ್ಳಿ. ಎರಡನೇ ಮಹಾಯುದ್ಧದ ನಂತರ ಗಡಿ ಊರಿನ ನಡುವೆಯೇ ಹಾದುಹೋಯಿತು, ಅರ್ಧ ಚೆಕೊಸ್ಲೊವಾಕಿಯಾಕ್ಕೆ, ಅರ್ಧ ಸೋವಿಯತ್ತಿಗೆ. ಒಂದೇ ಬೀದಿಯ ನೆಂಟರಿಗೆ ಹುಟ್ಟು-ಸಾವಿನ ಸುದ್ದಿಯನ್ನೂ ಬೇಲಿಯಾಚೆಯಿಂದಲೇ ಕೂಗಿ ಹೇಳಬೇಕಾಯಿತು. ನಡೆದು ದಾಟುವವರಿಗೆ ಅಂತ ಬಾಗಿಲು ತೆರೆದದ್ದು 2005ರಲ್ಲಿ!

ಮುಂದಿನ ಸಲ ನಕ್ಷೆ ಹಾಕುವಾಗ ಉಜ್‌ಹೊರೊಡ್ ಪಕ್ಕದಲ್ಲಿ ಸಣ್ಣಕ್ಷರದಲ್ಲಾದರೂ ಉಂಗ್ವಾರ್ ಅಂತ ಬರೆಯಿರಿ. ಅದು ಆ ಊರಿನ ಹಂಗೇರಿಯನ್ ಹೆಸರು, ಜನ ಇನ್ನೂ ಹಾಗೇ ಕರೆಯುತ್ತಾರೆ.

– ಒಬ್ಬ ಓದುಗ, ದಾವಣಗೆರೆ